ನಾನೂರು ಬಂಡಿಯ ಕಾವು

ಹೇಳಿಬಿಡಲೇ? ಹೇಳುವುದಾದರೆ ಎಲ್ಲಿಂದ ಶುರು ಮಾಡಲಿ? ಅಳತೆಯಲ್ಲಿ ಏನೋ ತಪ್ಪಿರಬೇಕು ಎಂಬಲ್ಲಿಂದಲೋ, ಯಜಮಾನರ ಎದುರು ನಾನು ಆಡಿದ ಆ ಎರಡು ಶಬ್ದಗಳಿಂದಲೋ? ಅಳತೆ ಸರಿಯಿದ್ದರೆ ಆಡಿದ್ದೂ ಸರಿ, ಆಗ ಹೇಳುವುದಕ್ಕೇ ಏನೂ ಇಲ್ಲ. ಅಳತೆ ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ತೋರಿಸಬೇಕು, ಅದು ನನಗೇ ತಿಳಿಯದು. ಹೀಗೆ ಮನಸ್ಸಿನಲ್ಲೇ ತಿರುಗಿದ ಕಡೆಗೇ ತಿರುಗುತ್ತ, ಹಸಿ ಮಣ್ಣಿನ ಬುಟ್ಟಿ ಹೊತ್ತ ಕಚೇರಿಯ ಸಹಾಯಕ ದಸ್ತಗೀರನ ಹಿಂದೆ ನಾನು ಬಳೆ ಓಣಿಯ ಕಡೆ ನಡೆಯುತ್ತಿದ್ದೆ. ಸೋಮವಾರದ ಬೆಳಗು. ಆ ಮಣ್ಣಿನಿಂದ ಬಳೆ ಮಾಡುವ ತುಂಗವ್ವನ ಗಾಜಿನ ಭಟ್ಟಿಯ ಬಾಯಿ ಮುಚ್ಚಬೇಕೆಂದು ಅಪ್ಪಣೆಯಾಗಿತ್ತು.

ನಮ್ಮ ಊರಿನಲ್ಲಿ ಒಂದು ವಸ್ತುವನ್ನು ಮಾಡಲು ತಗುಲಿದ ಕಾವು ಆ ವಸ್ತುವಿನಲ್ಲೇ ಉಳಿದಿರುತ್ತದೆ. ಕುಲುಮೆಯಿಂದ ಬಂದ ಕುಡಗೋಲು ತಿಂಗಳು ಕಳೆದರೂ ಬೆಚ್ಚಗಿರುತ್ತದೆ. ಕೊಯ್ದಷ್ಟೂ ಅದು ತಣಿಯುತ್ತದೆ, ಅದರ ಕಾವು ಜೋಳಕ್ಕೆ ಹೋಗುತ್ತದೆ. ಜೋಳದಿಂದ ರೊಟ್ಟಿಗೆ, ರೊಟ್ಟಿಯಿಂದ ತಿಂದವರ ತೋಳಿಗೆ, ತೋಳಿನಿಂದ ಅವರು ಹಿಡಿದ ಮಗ್ಗಕ್ಕೆ, ಮಗ್ಗದಿಂದ ಸೀರೆಗೆ. ಪೂರ್ತಿ ತಣ್ಣಗಾದ ವಸ್ತುವನ್ನು ಮಾತ್ರ ಎಸೆಯಬಹುದು. ಹೊಸ ತವೆಯನ್ನು ಎಳೆಮಕ್ಕಳ ಕೈಗೆ ಸಿಗದಂತೆ ಗೋಡೆಗೆ ಎತ್ತರದಲ್ಲಿ ತೂಗುಹಾಕುತ್ತಾರೆ. ಹೊಸ ಮನೆ ಕಟ್ಟಿಸಿದವರು ಮೊದಲ ವರ್ಷ ಅಂಗಳದಲ್ಲೇ ಮಲಗುತ್ತಾರೆ. ಚಳಿಗಾಲ ಬಂತೆಂದರೆ ಮುದುಕರು ಎರಡು ಹೊಸ ಇಟ್ಟಿಗೆ ಕೇಳಿ ತಂದು ಕಾಲಡಿ ಇಟ್ಟುಕೊಳ್ಳುತ್ತಾರೆ. ವರನನ್ನು ನೋಡಲು ಹೋದ ಹೆಣ್ಣಿನ ಕಡೆಯವರು ಮೊದಲು ಹಿತ್ತಲಿಗೆ ಹೋಗಿ ಗುದ್ದಲಿ ಮುಟ್ಟುತ್ತಾರೆ; ಅದು ಇನ್ನೂ ಬೆಚ್ಚಗಿದ್ದರೆ ಕೊಟ್ಟ ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಬರುತ್ತಾರೆ. ‘ನಿನ್ನ ಕುಡಗೋಲು ಇನ್ನೂ ಬೆಚ್ಚಗೈತಿ’ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ನನ್ನ ಲೇಖನಿ ಸದಾ ಬೆಚ್ಚಗಿರುತ್ತಿತ್ತು. ನನಗೆ ಮಾತು ಕಡಿಮೆ, ಬರೆಯುವುದು ಅದಕ್ಕಿಂತ ಕಡಿಮೆ. ಪದವಿ ಓದಿದವನೆಂದು ಊರು ಅದನ್ನು ಕ್ಷಮಿಸಿತ್ತು.

ನಾನು ಓದಿದ್ದು ಅರ್ಥಶಾಸ್ತ್ರ. ಅಲ್ಲಿ ಗೋಡೆಯಷ್ಟು ದೊಡ್ಡ ಕೋಷ್ಟಕಗಳನ್ನು ತೋರಿಸುತ್ತಿದ್ದರು. ಒಂದು ನಾಡಿನ ಗಣಿ ಉಕ್ಕಿನ ಕಾರ್ಖಾನೆಗೆ ಏನು ಕೊಟ್ಟಿತು, ಉಕ್ಕು ರೈಲಿಗೆ ಏನು ಕೊಟ್ಟಿತು, ರೈಲು ಗೋಧಿಗೆ ಏನು ಕೊಟ್ಟಿತು, ಕೊನೆಗೆ ಒಂದು ಬ್ರೆಡ್ಡಿನ ತುಂಡಿನೊಳಗೆ ಎಷ್ಟು ಕಲ್ಲಿದ್ದಲು ಕೂತಿದೆ ಎಂದು. ಮೇಷ್ಟರು ಪಾಠ ಮಾಡುವಾಗ ನಾನು ಹೆಚ್ಚಾಗಿ ಕಿಟಕಿಯಾಚೆ ನೋಡುತ್ತಿದ್ದೆ. ಊರಿಗೆ ಬಂದಮೇಲೆ ಕಾವು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಚೇರಿಯೆಂದರೆ ನಾನು, ಮೂವತ್ತು ವರ್ಷಗಳಿಂದ ಅಲ್ಲೇ ಇದ್ದ ದಸ್ತಗೀರ, ಒಂದು ತಾಮ್ರದ ತಟ್ಟೆ, ಒಂದು ಸೌಟು ಮತ್ತು ಒಂದು ಡಬರಿ ಗಟ್ಟಿ ತುಪ್ಪ.

ಕಾವು ಅಳೆಯುವುದು ತುಪ್ಪದಿಂದ. ವಸ್ತುಗಳ ಮೇಲೆ ತಾಮ್ರದ ತಟ್ಟೆ ಇಟ್ಟು, ತಟ್ಟೆಯ ಮೇಲೆ ಗಟ್ಟಿ ತುಪ್ಪ ಇಟ್ಟು, ಎಷ್ಟು ಸೌಟು ಕರಗಿತು ಎಂದು ನೋಡುವುದು. ಒಂದು ಬಂಡಿ ಕಟ್ಟಿಗೆಯ ಕಾವಿಗೆ ಒಂದು ಸೌಟು. ಇದು ಅಜ್ಜಂದಿರ ಕಾಲದ ಅಳತೆ. ಅಳೆದರೆ ವಸ್ತುವಿನ ಕಾವು ಕಡಿಮೆಯಾಗದು, ಬಳಸಿದರೆ ಮಾತ್ರ. ಕರಗಿದ ತುಪ್ಪ ಆ ಮನೆಯವರಿಗೇ ಸಲ್ಲುತ್ತದೆ. ಹಾಗಾಗಿ ಸರ್ಕಾರಿ ಮಂದಿ ಬರುತ್ತಿದ್ದಾರೆಂದು ಜನ ರೊಟ್ಟಿ ಬಡಿದಿಟ್ಟುಕೊಂಡು ಕಾಯುವ ಊರು ಬಹುಶಃ ಇದೊಂದೇ. ನಮ್ಮ ಹಿಂದೆ ಯಾವಾಗಲೂ ನಾಲ್ಕು ನಾಯಿಗಳಿರುತ್ತಿದ್ದವು.

ಹೊಳೆಯಾಚೆಯ ಕಾಡಿನಿಂದ ವರ್ಷಕ್ಕೆ ನಾನೂರು ಬಂಡಿ ಕಟ್ಟಿಗೆ ಬರುತ್ತದೆ, ಒಂದು ಬಂಡಿಯೂ ಹೆಚ್ಚಿಲ್ಲ. ಅದನ್ನು ಕಬ್ಬಿಣ ಓಣಿ, ಇಟ್ಟಿಗೆ ಓಣಿ, ಬಳೆ ಓಣಿ, ರೊಟ್ಟಿ ಓಣಿಗಳಿಗೆ ಹಂಚುತ್ತಾರೆ. ನೂಲಿನ ಓಣಿಯವರು ಬೆಂಕಿ ಹಚ್ಚುವುದಿಲ್ಲ, ಆದರೂ ಅವರ ಸೀರೆ ಬೆಚ್ಚಗಿರುತ್ತದೆ. ಸುಡುವವರು ಒಬ್ಬರು, ಸುಟ್ಟದ್ದು ಹೋಗಿ ಸೇರುವುದು ಇನ್ನೊಬ್ಬರಲ್ಲಿ. ಯಾರ ಸಲುವಾಗಿ ಎಷ್ಟು ಉರಿಯಿತು ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ. ಹಿಂದಿನವರು ಅಲ್ಲೊಂದು ಇಲ್ಲೊಂದು ಮನೆ ನೋಡಿ ಅಂದಾಜು ಹೇಳುತ್ತಿದ್ದರು. ನಾನು ಓದಿದವನಲ್ಲವೇ, ಎಲ್ಲ ಮನೆಗಳನ್ನೂ ಅಳೆಯುತ್ತೇನೆ ಎಂದೆ. ಓಣಿಗೊಂದು ವಾರ. ಮೊದಲ ವಾರ ಕಬ್ಬಿಣ, ಎರಡನೆಯದು ಇಟ್ಟಿಗೆ, ಆಮೇಲೆ ಬಳೆ, ಆಮೇಲೆ ನೂಲು, ಕೊನೆಗೆ ರೊಟ್ಟಿ. ಐದು ವಾರ ಮುಗಿದಮೇಲೆ ಕೂಡಿಸಿ ನೋಡಿದೆ. ಒಂಬೈನೂರ ಹನ್ನೆರಡು ಸೌಟು ಬಂತು.

ಊರ ಯಜಮಾನ ಮಲಕಾಜಪ್ಪ ಅದನ್ನು ಕೇಳಿ ಬಹಳ ಹೊತ್ತು ಮೀಸೆ ತೀಡಿದರು. ನಾನೂರು ಬಂಡಿ ಬಂದಿದೆ, ಒಂಬೈನೂರು ಬಂಡಿಯ ಕಾವು ಊರಲ್ಲಿದೆ. ಅಂದರೆ ಯಾರೋ ಕಳ್ಳತನದಲ್ಲಿ ಐನೂರು ಬಂಡಿ ಕಟ್ಟಿಗೆ ತಂದು ಸುಟ್ಟಿದ್ದಾರೆ. ಕಾಡಿನವರಿಗೆ ಗೊತ್ತಾದರೆ ಮುಂದಿನ ವರ್ಷ ಒಂದು ಬಂಡಿಯೂ ಬರುವುದಿಲ್ಲ. ಅವರು ಕೋಣೆಯ ಬಾಗಿಲು ಹಾಕಿಕೊಂಡು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ತೂಕಕ್ಕೆ ಹೋಲಿಸಿದರೆ ಯಾವ ಓಣಿಯ ಮಾಲು ಎಲ್ಲಕ್ಕಿಂತ ಬಿಸಿ?

“ಬಳೆ ಓಣಿ,” ಅಂದೆ.

ಅದು ನಿಜ. ಗಾಜಿಗೆ ಉರಿ ಹೆಚ್ಚು ಬೇಕು. ಆದರೆ ಬಿಸಿಗೂ ಕಳ್ಳ ಕಟ್ಟಿಗೆಗೂ ಸಂಬಂಧವಿಲ್ಲ ಎಂದು ನಾನು ಮುಂದುವರಿಸಿ ಹೇಳಬೇಕಿತ್ತು. ಯಜಮಾನರು ಕಾಯುತ್ತಿದ್ದರು ಕೂಡ. ನಾನು ಸುಮ್ಮನಿದ್ದೆ. ಚಿಕ್ಕಂದಿನಿಂದ ನನಗೆ ಮಾತಿನ ನಂತರ ಬರುವ ಆ ಖಾಲಿ ಜಾಗ ಇಷ್ಟ. ಅದನ್ನು ಕೆಡಿಸಲು ಮನಸ್ಸಾಗುವುದಿಲ್ಲ. ಅವರು ಅದನ್ನು ತಮಗೆ ತಿಳಿದಂತೆ ತುಂಬಿಕೊಂಡರು. ಮರುದಿನ ಚಾವಡಿಯಲ್ಲಿ, ನನ್ನ ಹೆಸರೆತ್ತದೆ, ತಮ್ಮ ಮಾತೆಂದೇ ಸಾರಿದರು. ಮೂರು ದಿನ ಇಡೀ ಊರು ಕಳ್ಳ ಕಟ್ಟಿಗೆ ಹುಡುಕಬೇಕು. ಸಿಗದಿದ್ದರೆ ಸೋಮವಾರ ತುಂಗವ್ವನ ಭಟ್ಟಿಗೆ ಮಣ್ಣು ಮೆತ್ತಬೇಕು. ನಿಜ ಹೊರಗೆ ಬರುವ ತನಕ ಅದರ ಬಾಯಿಗೆ ಕಟ್ಟಿಗೆ, ಇದ್ದಿಲು, ಕುಳ್ಳು ಯಾವುದೂ ಬೀಳಕೂಡದು.

ಆ ಮೂರು ದಿನಗಳಷ್ಟು ಖುಷಿಯನ್ನು ಊರು ಅದಕ್ಕೆ ಮೊದಲು ಕಂಡಿರಲಿಲ್ಲ. ಜನ ಬುತ್ತಿ ಕಟ್ಟಿಕೊಂಡು ಹುಡುಕಲು ಹೊರಟರು. ಬಾವಿ ಇಳಿದರು, ಬಣವೆ ಕೆದಕಿದರು, ಒಬ್ಬರ ಅಟ್ಟ ಇನ್ನೊಬ್ಬರು ಹತ್ತಿದರು. ಎಂಟು ವರ್ಷದ ಹಿಂದೆ ಕಳೆದಿದ್ದ ಹಿತ್ತಾಳೆ ಚೊಂಬು ಸಿಕ್ಕಿತು. ಯಾರದೋ ಒಂದು ಜೋಡಿ ಕಟ್ಟಿಸಿದ ಹಲ್ಲು ಸಿಕ್ಕಿತು. ಓಡಿಹೋಗಿತ್ತೆಂದುಕೊಂಡಿದ್ದ ಕರು ಪಕ್ಕದ ಓಣಿಯಲ್ಲಿ ಆಕಳಾಗಿ ಕಟ್ಟಿಸಿಕೊಂಡು ನಿಂತಿತ್ತು. ಮುದುಕಿಯೊಬ್ಬಳ ಮಂಚದ ಕೆಳಗೆ ನಾಯಿ ಓಡಿಸಲು ಇಟ್ಟುಕೊಂಡಿದ್ದ ನಾಲ್ಕು ಕೋಲು ಸಿಕ್ಕವು. ಐನೂರು ಬಂಡಿ ಎಲ್ಲೂ ಸಿಗಲಿಲ್ಲ.

ತುಂಗವ್ವನ ಅಂಗಳಕ್ಕೆ ನಾವು ಹೋದಾಗ ಆಕೆ ಕಬ್ಬಿಣದ ಸಲಾಕೆಯನ್ನು ಮೂಸೆಯಲ್ಲಿ ಅದ್ದಿ ಗಾಜು ನೋಡುತ್ತಿದ್ದಳು. ಮೂಸೆಯೆಂದರೆ ಭಟ್ಟಿಯ ಹೊಟ್ಟೆಯಲ್ಲಿ ಕೂತ ಮಣ್ಣಿನ ದೊಡ್ಡ ಗಡಿಗೆ. ಅದರೊಳಗೆ ಗಾಜು ಜೇನಿನಂತೆ ಕದಲುತ್ತಿರುತ್ತದೆ. ಐವತ್ತೈದರ ಹೆಂಗಸು, ಗಂಡ ಹೋದಮೇಲೆ ಹದಿನೈದು ವರ್ಷ ಆ ಉರಿಯನ್ನು ಒಂದು ದಿನವೂ ಆರಗೊಡದೆ ಕಾದವಳು. ಓಣಿಯ ಒಂಬತ್ತು ಮನೆಗಳು ಆ ಒಂದು ಮೂಸೆಯಿಂದ ಉಣ್ಣುತ್ತಿದ್ದವು. ಆಕೆ ಮಣ್ಣಿನ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು.

“ಬಾ ತಮ್ಮಾ, ಕುಂಡ್ರು. ಚಾ ಕುಡದ ಮೆತ್ತು. ಮಣ್ಣೇನ ಓಡಿ ಹೋಗೂದಿಲ್ಲ,” ಅಂದಳು.

ಕುಡಿಯುವಾಗ ಆಕೆಯೇ ವಿವರಿಸಿದಳು. ಈಗ ಮುಚ್ಚಿದರೆ ದೀಪ ಹಚ್ಚುವ ಹೊತ್ತಿಗೆ ಗಾಜು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಗಾಜು ಮೂಸೆಯನ್ನು ಸೀಳುತ್ತದೆ. ಹೊಸ ಮೂಸೆಯ ಮಣ್ಣು ಹದವಾಗಲು ಎರಡು ವರ್ಷ ಬೇಕು, ಆ ಎರಡು ವರ್ಷ ಒಂಬತ್ತು ಮನೆಗಳಿಗೆ ಕೆಲಸವಿಲ್ಲ. ದನಿಯಲ್ಲಿ ಅಳುವಿರಲಿಲ್ಲ. ಬೈಗುಳ ಮಾತ್ರ ಧಾರಾಳವಾಗಿತ್ತು, ಎಲ್ಲವೂ ಮಲಕಾಜಪ್ಪನವರಿಗೆ. ಅವರ ಮೀಸೆಗೆ, ಅವರ ರುಮಾಲಿಗೆ, ಮಳೆಗಾಲದಲ್ಲೂ ತಣಿಯದ ಅವರ ನೇಗಿಲಿಗೆ.

“ಅಂವಗ ಯಾರೋ ಕಿವಿ ಊದ್ಯಾರ. ಸ್ವಂತ ಬುದ್ಧಿ ಇದ್ದಾಂವಲ್ಲ ಅದು,” ಅಂದಳು. “ಯಾರಂತ ಗೊತ್ತಾಗಲಿ, ಅವನ ಬಾಯಿಗೆ ಇದ ಮಣ್ಣ ಮೆತ್ತತೀನಿ.”

ನಾನು ಲೋಟ ಕೆಳಗಿಟ್ಟೆ. ದಸ್ತಗೀರ ನನ್ನ ಕಡೆ ನೋಡದೆ ಬುಟ್ಟಿಯ ಮಣ್ಣನ್ನು ಇನ್ನಷ್ಟು ಕಲಸಿದ. ಆಮೇಲೆ ನಾವಿಬ್ಬರೂ ಭಟ್ಟಿಯ ಬಾಯಿ ಮುಚ್ಚಿದೆವು. ಕೈಯ ಗುರುತು ಹಸಿ ಮಣ್ಣಿನ ಮೇಲೆ ಹಾಗೇ ಉಳಿಯಿತು, ನನ್ನದೂ.

ಹೊತ್ತು ನೆತ್ತಿಗೇರುವ ಮುಂಚೆ ರೊಟ್ಟಿ ಓಣಿಯ ಬಾಗವ್ವ ಬಂದಳು. ಈ ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟವರು. ಬಾಗವ್ವನ ಮಗಳ ಮದುವೆಗೆ ತುಂಗವ್ವ ಕಳಿಸಿದ್ದ ಹಸಿರು ಬಳೆ ಎಷ್ಟು ಬಿಸಿಯಾಗಿದ್ದವೆಂದರೆ, ಮದುಮಗಳು ಅಕ್ಕಿಕಾಳು ಬೀಳುವ ತನಕ ನೀರಿನ ಕೊಡದಲ್ಲಿ ಕೈ ಅದ್ದಿಕೊಂಡು ಕೂರಬೇಕಾಯಿತು. ಬೀಗರು ನಕ್ಕಿದ್ದರು. ಅಂದಿನಿಂದ ಬಾಗವ್ವ ಆ ಓಣಿಗೆ ಕಾಲಿಟ್ಟಿರಲಿಲ್ಲ. ಈಗ ಹಿಂದೆ ಏಳೆಂಟು ಹೆಂಗಸರು, ಎಲ್ಲರ ತಲೆಯ ಮೇಲೂ ಸಿಂಬಿ, ಸಿಂಬಿಯ ಮೇಲೆ ಹೊಸ ಕಬ್ಬಿಣದ ತವೆಗಳು. ಒಟ್ಟು ನಲವತ್ತು. ಬಾಗವ್ವ ಒಂದೊಂದಾಗಿ ಅವುಗಳನ್ನು ಭಟ್ಟಿಯ ಗೋಡೆಗೆ ಆನಿಸಿ ನಿಲ್ಲಿಸಿದಳು.

ದಸ್ತಗೀರ ಅಡ್ಡ ಹೋಗಿ, ಯಜಮಾನರ ಅಪ್ಪಣೆಯನ್ನು ನೆನಪಿಸಿದ.

“ಕಟ್ಟಿಗಿ ಹಾಕಬ್ಯಾಡ ಅಂದಾರ, ಇದ್ದಲಿ ಬ್ಯಾಡ ಅಂದಾರ, ಕುಳ್ಳ ಬ್ಯಾಡ ಅಂದಾರ,” ಅಂದಳು ಬಾಗವ್ವ. “ತವಾ ಇಡಬ್ಯಾಡ ಅಂದಾರೇನು? ನಮ್ಮ ಮನ್ಯಾಗ ಜಾಗ ಇಲ್ಲ, ಇಲ್ಲಿ ಇಟ್ಟೀನಿ.”

ಆಮೇಲೆ ತುಂಗವ್ವನ ಕಡೆ ತಿರುಗದೆ, ಗೋಡೆಗೆ ಹೇಳುವಂತೆ ಹೇಳಿದಳು. “ಬಳಿ ಇಲ್ಲದ ಕೈಯಾಗ ರೊಟ್ಟಿ ಬಡದರ ಸಪ್ಪಳ ಬರೂದಿಲ್ಲ. ಸಪ್ಪಳ ಇಲ್ಲಂದ್ರ ನನಗ ಲೆಕ್ಕ ತಪ್ಪತೈತಿ.”

ತುಂಗವ್ವನೂ ಆಕೆಯ ಕಡೆ ನೋಡಲಿಲ್ಲ. ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದು ಕಟ್ಟೆಯ ಮೇಲೆ ಇಟ್ಟಳು, ಯಾರಿಗೆಂದು ಹೇಳಲಿಲ್ಲ. ಬಾಗವ್ವ ಅದನ್ನು ಎತ್ತಿ ಕುಡಿದಳು. ಆರು ವರ್ಷದ ಜಗಳ ಮುಗಿದದ್ದು ಹಾಗೆ. ಆ ಮೌನ ನನಗೆ ಎಷ್ಟು ಹಿಡಿಸಿತೆಂದರೆ, ಒಂದು ಕ್ಷಣ ನನ್ನ ಮೌನವನ್ನೂ ಅದರ ಜೊತೆ ಸೇರಿಸಿ ನೋಡಿದೆ. ಅದು ಅಲ್ಲಿ ಕೂರಲಿಲ್ಲ.

ತವೆಗಳ ಕಾವು ಗೋಡೆಗೆ ಇಳಿಯತೊಡಗಿತು. ಮೂಸೆಗೆ ಅದು ಸಾಲದು, ಆದರೆ ಸುದ್ದಿ ಅಷ್ಟರಲ್ಲಿ ಐದು ಓಣಿಗೂ ಮುಟ್ಟಿತ್ತು. ನಾನು ಸುಮ್ಮನೆ ತವೆಗಳನ್ನು ನೋಡುತ್ತ ನಿಂತಿದ್ದೆ. ಮೂರನೆಯ ತವೆಯ ಅಂಚಿನಲ್ಲಿ ಅರ್ಧಚಂದ್ರದಷ್ಟು ತುಂಡು ಹಾರಿಹೋಗಿತ್ತು. ಆ ತುಂಡನ್ನು ನಾನು ಎಲ್ಲೋ ಕಂಡಿದ್ದೆ. ಕಳೆದ ವಾರ ಬಾಗವ್ವನ ಮನೆಯಲ್ಲಿ, ಸರಿ. ಅದಕ್ಕೂ ಮುಂಚೆ? ಮೊದಲ ವಾರ, ಕಬ್ಬಿಣ ಓಣಿಯ ಕುಲುಮೆಯ ಮುಂದೆ, ಇದೇ ತವೆಯ ಮೇಲೆ ತಟ್ಟೆ ಇಟ್ಟು ತುಪ್ಪ ಕರಗಿಸಿದ್ದೆ. ಬಡಿಯುವಾಗ ಅಂಚು ಹಾರಿತೆಂದು ಕಮ್ಮಾರ ಬೇಜಾರು ಮಾಡಿಕೊಂಡಿದ್ದ.

ನಾನು ಅಂಗಳದಲ್ಲಿ ತಿರುಗಾಡಿದೆ. ತುಂಗವ್ವನ ಕೈಯಲ್ಲಿದ್ದ ಸಲಾಕೆ: ಮೊದಲ ವಾರ ಕಬ್ಬಿಣ ಓಣಿಯಲ್ಲಿ ಅಳೆದದ್ದು, ಮೂರನೆಯ ವಾರ ಇಲ್ಲಿ ಮತ್ತೆ ಅಳೆದದ್ದು. ಭಟ್ಟಿಯ ಹೊಸ ಇಟ್ಟಿಗೆ: ಎರಡನೆಯ ವಾರ ಅಲ್ಲಿ, ಮೂರನೆಯ ವಾರ ಇಲ್ಲಿ. ಇಲ್ಲಿ ಅಳೆದ ಬಳೆಗಳನ್ನು ನೂಲಿನ ಓಣಿಯ ಕೈಗಳಲ್ಲಿ ನಾಲ್ಕನೆಯ ವಾರ ಮತ್ತೆ ಅಳೆದಿದ್ದೆ. ಒಬ್ಬೊಬ್ಬರಿಗೂ ಸರಿಯಾಗಿಯೇ ಅಳೆದಿದ್ದೆ. ಆದರೆ ಊರಿನ ಮಾಲು ಕಬ್ಬಿಣ ಓಣಿಯಿಂದ ಹೊರಟು ರೊಟ್ಟಿ ಓಣಿಯ ಕಡೆ ಹೋಗುತ್ತದೆ, ನಾನೂ ಅದೇ ದಾರಿಯಲ್ಲಿ, ಅದೇ ನಡಿಗೆಯಲ್ಲಿ ಹೋಗಿದ್ದೆ. ಮದುವೆ ಮೆರವಣಿಗೆಯ ಬಾಜಾದವರನ್ನು ಎಣಿಸಲು ಹೊರಟವನು ಸಂದಿಯಲ್ಲಿ ಓಡಿ ಓಡಿ, ಪ್ರತಿ ತಿರುವಿನಲ್ಲೂ ನಿಂತು ಅದೇ ಬಾಜಾದವರನ್ನು ಮತ್ತೆ ಎಣಿಸಿದ ಹಾಗೆ. ಮೇಷ್ಟರು ಇದನ್ನೇ ಹೇಳಿರಬೇಕು, ನಾನು ಕಿಟಕಿಯಾಚೆ ನೋಡುತ್ತಿದ್ದಾಗ.

ಐನೂರು ಬಂಡಿ ಕಳ್ಳ ಕಟ್ಟಿಗೆ ನನ್ನ ಕಾಲಿನಲ್ಲಿತ್ತು.

ದಸ್ತಗೀರನಿಗೆ ಮೆಲ್ಲಗೆ ಹೇಳಿದೆ. ಆತ ತವೆಯ ಹಾರಿದ ಅಂಚನ್ನು ಬೆರಳಿನಿಂದ ಸವರಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಬರೀ ಬಾಯಿಮಾತಿಗೆ ಯಜಮಾನರು ಮಣ್ಣು ತೆಗೆಯುವುದಿಲ್ಲ, ನಾನೂರು ಎಂದು ಕಣ್ಣಿಗೆ ಕಾಣಬೇಕು ಎಂದ. ಐದು ಓಣಿಗಳನ್ನು ಮತ್ತೆ ಸುತ್ತಲು ಐದು ವಾರ ಬೇಕು, ನಮ್ಮಲ್ಲಿರುವುದು ಅರ್ಧ ದಿನ.

“ನಾವ್ಯಾಕ ಹೋಗೂದ್ರಿ ಸಾಹೇಬ್ರ?” ಎಂದು ಓಣಿಯ ತುದಿಗೆ ಕೈ ತೋರಿಸಿದ. “ಊರs ಇಲ್ಲಿಗೆ ಬರಾಕತ್ತೈತಿ.”

ಹೌದು, ಬರುತ್ತಿತ್ತು. ಕಬ್ಬಿಣ ಓಣಿಯವರು ಮಾರದೆ ಉಳಿದಿದ್ದ ಕುಡಗೋಲು, ನೇಗಿಲ ಕುಳಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಇಟ್ಟಿಗೆಯವರು ಕತ್ತೆಗಳ ಮೇಲೆ ಹೇರಿ ತಂದರು. ಮುದುಕರು ತಮ್ಮ ಕಾಲಡಿಯ ಇಟ್ಟಿಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ನೂಲಿನ ಓಣಿಯವರು ಮಡಿಕೆ ಬಿಚ್ಚದ ಸೀರೆಗಳ ಗಂಟು ತಂದರು. ಒಬ್ಬ ಸೋಮಾರಿ, ಊರೆಲ್ಲ ಆಡಿಕೊಳ್ಳುವವನು, ಹೆಗಲ ಮೇಲೆ ಕೆಂಡದಂಥ ಗುದ್ದಲಿ ಹೊತ್ತು ಎಲ್ಲರಿಗಿಂತ ಮುಂದೆ ಬಂದ. ಜೀವಮಾನದಲ್ಲಿ ಮೊದಲ ಸಲ ಜನ ಅವನಿಗೆ ದಾರಿ ಬಿಟ್ಟುಕೊಟ್ಟರು.

ನಾವು ಅಂಗಳದ ಬಾಗಿಲಲ್ಲಿ ತಟ್ಟೆ ಹಾಕಿ ಕೂತೆವು. ಒಂದೇ ನಿಯಮ. ಒಳಗೆ ಹೋಗುವ ಪ್ರತಿಯೊಂದನ್ನೂ ಒಂದು ಸಲ ಅಳೆದು ಭಟ್ಟಿಯ ಗೋಡೆಗೆ ಆನಿಸುವುದು. ಒಳಗೆ ಹೋದದ್ದು ಸಂಜೆಯ ತನಕ ಹೊರಗೆ ಬರುವ ಹಾಗಿಲ್ಲ. ಆಗಲೇ ಒಳಗಿದ್ದ ನಲವತ್ತು ತವೆಗಳನ್ನು ಮೊದಲು ಅಳೆದೆವು. ನಮ್ಮ ಡಬರಿಯ ತುಪ್ಪ ಮೂವತ್ತು ಸೌಟಿಗೇ ಮುಗಿಯಿತು. ಬಾಗವ್ವ ಯಾರನ್ನೂ ಕೇಳದೆ ಮನೆಮನೆಗೆ ಹೇಳಿಕಳಿಸಿ ತುಪ್ಪದ ಗಡಿಗೆಗಳನ್ನು ತರಿಸಿದಳು. ಕರಗಿದ ತುಪ್ಪವನ್ನು ಒಂದು ಕೊಪ್ಪರಿಗೆಗೆ ಸುರಿಯುತ್ತ ಹೋದೆವು. ಒಂದೊಂದು ಸೌಟಿಗೂ ದಸ್ತಗೀರ ಕೂಗಿ ಹೇಳುವನು, ಜನ ಜೊತೆಗೆ ಕೂಗುವರು. ನೂರು ದಾಟಿದಾಗ ಯಾರೋ ಹಲಗೆ ತಂದು ಬಡಿಯತೊಡಗಿದರು.

ಬಳೆಗಳದ್ದೇ ತೊಡಕಾಯಿತು. ಹೆಚ್ಚಿನವು ಮುತ್ತೈದೆಯರ ಕೈಯಲ್ಲಿದ್ದವು, ಅವರು ಬಳೆ ತೆಗೆಯುವವರಲ್ಲ. ಕೊನೆಗೆ ಹನ್ನೆರಡು ಹನ್ನೆರಡು ಹೆಂಗಸರು ಸುತ್ತ ಕೂತು ಎರಡೂ ಕೈಗಳನ್ನು ತಟ್ಟೆಯ ಕೆಳಗೆ ಒಟ್ಟು ಮಾಡಿದರು. ಮೇಲೆ ತುಪ್ಪ ಕರಗುವಾಗ ನಗು ತಡೆಯಲಾರದೆ ತಟ್ಟೆ ಅಲುಗಾಡುತ್ತಿತ್ತು. ದಸ್ತಗೀರ ಗಂಭೀರವಾಗಿ, ನಗಬ್ಯಾಡ್ರಿ ತಾಯಂದಿರಾ, ನಕ್ಕರೆ ಕಾವು ಹೊರಗೆ ಹೋಗುತ್ತದೆ ಎನ್ನುತ್ತಿದ್ದ. ಅದಕ್ಕೆ ಅವರು ಇನ್ನಷ್ಟು ನಕ್ಕರು. ಅಳೆದಾದ ಮೇಲೆ ಅವರೂ ಒಳಗೆ ಹೋಗಿ ಭಟ್ಟಿಯ ಬೆಚ್ಚನೆ ಗೋಡೆಗೆ ಬೆನ್ನು ಕೊಟ್ಟು ಕೂತರು.

ಮುನ್ನೂರು ದಾಟುವ ಹೊತ್ತಿಗೆ ಮಲಕಾಜಪ್ಪ ಬಂದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಹಾರಿದ ಅಂಚಿನ ತವೆಯನ್ನು ದಸ್ತಗೀರ ಅವರ ಕೈಗೆ ಕೊಟ್ಟು, ಅದು ಎರಡು ಸಲ ಎಣಿಕೆಯಾದ ಕಥೆಯನ್ನು ತಾನೇ ಹೇಳಿದ. ‘ನಮ್ಮ ಕಚೇರಿಯ ತಪ್ಪು’ ಎಂದನೇ ಹೊರತು ‘ಸಾಹೇಬರ ತಪ್ಪು’ ಎನ್ನಲಿಲ್ಲ. ಯಜಮಾನರು ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದಾಗ ಅವರ ಹೆಗಲ ಮೇಲೆ ನೇಗಿಲಿತ್ತು. ಅದು ನಿಜಕ್ಕೂ ಬಹಳ ಬೆಚ್ಚಗಿತ್ತು. ತಟ್ಟೆಯ ಮೇಲಿನ ತುಪ್ಪ ಜಾರಿ ಹರಿಯುವುದನ್ನು ಇಡೀ ಊರು ಕಣ್ಣರಳಿಸಿ ನೋಡಿತು. ಒಳಗಿನಿಂದ ತುಂಗವ್ವ, “ನಾ ಬೆಳಿಗ್ಗೆನs ಹೇಳಿದ್ದೆ,” ಅಂದಳು. ಯಜಮಾನರು ಕೇಳಿಸದವರಂತೆ ಮೀಸೆ ತೀಡಿದರು.

ಸೂರ್ಯ ಹೊಳೆಯ ಮೇಲೆ ಇಳಿದಾಗ ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ. ದಸ್ತಗೀರ ಕೊನೆಯ ಸೌಟು ಎತ್ತಿದ. ಮುನ್ನೂರ ತೊಂಬತ್ನಾಲ್ಕು.

“ಆರು ಕಡಿಮಿ ಬಂತಲ್ಲ?” ಎಂದರು ಯಜಮಾನರು.

“ಅಷ್ಟು ಹೆಣ್ಮಕ್ಕಳ ನಕ್ಕಾರ್ರಿ,” ಎಂದ ದಸ್ತಗೀರ. “ನಕ್ಕದ್ದು ತಟ್ಟಿಗಿ ಬರೂದಿಲ್ಲ.”

ಅಂದು ನನಗೆ ತಿಳಿದ ಇನ್ನೊಂದು ಸಂಗತಿಯಿದೆ. ಬಳೆ ಓಣಿ ಆ ವರ್ಷ ಆ ಒಂದೇ ಭಟ್ಟಿಯಲ್ಲಿ ತೊಂಬತ್ತು ಬಂಡಿ ಸುಟ್ಟಿತ್ತು. ತುಂಗವ್ವನ ಮನೆಯಲ್ಲಿ ಉಳಿದಿದ್ದ ಕಾವು ಎರಡು ಸೌಟು ಮಾತ್ರ. ಉಳಿದದ್ದು ಮಗ್ಗ ಎಳೆಯುವ ಕೈಗಳಲ್ಲಿ, ಹಿಟ್ಟು ನಾದುವ ಕೈಗಳಲ್ಲಿ, ಅಲ್ಲಿಂದ ಸೀರೆಯಲ್ಲಿ, ರೊಟ್ಟಿಯಲ್ಲಿ, ರೊಟ್ಟಿ ತಿಂದು ಸುತ್ತಿಗೆ ಎತ್ತಿದವರ ಕುಡಗೋಲಿನಲ್ಲಿ ಇತ್ತು. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸುಡುವವಳ ಮನೆ ಎಲ್ಲಕ್ಕಿಂತ ತಣ್ಣಗಿತ್ತು. ಆಕೆ ಮಂಚದ ಕೆಳಗೆ ಒಂದು ಹೊಸ ಇಟ್ಟಿಗೆಯನ್ನೂ ಇಟ್ಟುಕೊಂಡಿರಲಿಲ್ಲ.

ಯಜಮಾನರು ತಾವೇ ಮಂಡಿಯೂರಿ ಭಟ್ಟಿಯ ಬಾಯಿಯ ಮಣ್ಣನ್ನು ಕೈಯಿಂದ ಕಿತ್ತರು. ತುಂಗವ್ವ ಸಲಾಕೆ ಅದ್ದಿದಳು. ನೂರಾರು ಜನ ಸುತ್ತ ನೆರೆದಿದ್ದರು. ಸಲಾಕೆ ಒಂದು ಕ್ಷಣ ಸಿಕ್ಕಿಕೊಂಡ ಹಾಗಾಯಿತು. ಆಕೆ ಅದನ್ನು ಮೆಲ್ಲನೆ ತಿರುಗಿಸಿ ಎತ್ತಿದಳು. ತುದಿಯಿಂದ ಹಸಿರು ಗಾಜಿನ ಎಳೆಯೊಂದು ಇಳಿಯಿತು, ಕಡಿಯದೆ, ನೆಲ ಮುಟ್ಟುವವರೆಗೂ. ಬಾಗವ್ವ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, ಅದೇ ಸೆರಗಿನಿಂದ ತುಂಗವ್ವನ ಮುಖದ ಬೆವರು ಒರೆಸಿದಳು.

ಕಟ್ಟಿಗೆ ಬಿತ್ತು, ಉರಿ ಎದ್ದಿತು. ಆಗ ತುಂಗವ್ವ ಯಜಮಾನರ ಎದುರು ನಿಂತಳು. “ಖರೇ ಹೇಳ್ರಿ. ಯಾರ ಮಾತ ಕೇಳಿ ನನ್ನ ಹೆಸರ ತಗೊಂಡ್ರಿ?”

ಮಲಕಾಜಪ್ಪ ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ತೆರೆಯಲಿ ಎಂದು ಕಾದರು ಎಂದೇ ನನಗನಿಸುತ್ತದೆ, ಕೋಣೆಯಲ್ಲಿ ಕಾದಂತೆಯೇ. ಆಮೇಲೆ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನನಗs ಹಂಗ ಅನಸ್ತಬೇ, ತುಂಗವ್ವ. ತಪ್ಪಾತು,” ಅಂದರು.

ಕೊಪ್ಪರಿಗೆಯ ತುಂಬ ಕರಗಿದ ತುಪ್ಪವಿತ್ತು, ಸುತ್ತ ನಲವತ್ತು ತವೆಗಳಿದ್ದವು. ಬಾಗವ್ವ ಹೂರಣ ರುಬ್ಬಲು ಆಗಲೇ ಹೇಳಿಯಾಗಿತ್ತು. ಆ ಸಂಜೆ ಊರು ಹೋಳಿಗೆ ತಿಂದಿತು, ಅಂಗೈಯಿಂದ ಮೊಣಕೈಗೆ ತುಪ್ಪ ಸೋರುವಷ್ಟು. ನಾಯಿಗಳೂ ತಿಂದವು. ಸೋಮಾರಿ ತನ್ನ ತಣ್ಣಗಾದ ಗುದ್ದಲಿಯನ್ನು ಕಂಡವರಿಗೆಲ್ಲ ಮುಟ್ಟಿಸುತ್ತ ತಿರುಗಿದ. ಮುಂದಿನ ತಿಂಗಳೇ ಅವನಿಗೆ ಹೆಣ್ಣು ಗೊತ್ತಾಯಿತು.

ವಸ್ತುಗಳೆಲ್ಲ ಮನೆಗೆ ಮರಳಿದಾಗ ಒಂದಿಷ್ಟು ತಣ್ಣಗಾಗಿದ್ದವು. ಆ ಚಳಿಗಾಲ ಮುದುಕರು ಕಂಬಳಿ ಹೊದ್ದರು, ಗೊಣಗಲಿಲ್ಲ. ಆ ಮೂಸೆಯ ಬಳೆಗಳೋ, ವಾರಗಟ್ಟಲೆ ಗೂಟಕ್ಕೆ ತೂಗುಹಾಕಿ ಆರಿಸಬೇಕಾದಷ್ಟು ಬಿಸಿಯಾಗಿ ಬಂದವು. ಬಾಗವ್ವ ಕಾಯಲಿಲ್ಲ. ನಾಲ್ಕು ಡಜನ್ ಇಡಿಸಿಕೊಂಡು, ಎರಡೂ ಕೈ ನೀರಿನ ಕೊಡದಲ್ಲಿ ಅದ್ದಿ, ಬಾಗಿಲಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸಿದಳು. ಅಂದಿನಿಂದ ವರ್ಷಕ್ಕೊಂದು ಸೋಮವಾರ ಇಡೀ ಊರು ತನ್ನ ಸಾಮಾನು ಹೊತ್ತು ತುಂಗವ್ವನ ಅಂಗಳಕ್ಕೆ ಬರುತ್ತದೆ. ಹಲಗೆ ಬಡಿಯುತ್ತಾರೆ, ಹೋಳಿಗೆ ತಿನ್ನುತ್ತಾರೆ. ಮೊತ್ತ ಎಂದೂ ನಾನೂರು ಮುಟ್ಟಿಲ್ಲ. ಎಷ್ಟು ಕಡಿಮೆ ಬಂದರೆ ಆ ವರ್ಷ ಅಷ್ಟು ಒಳ್ಳೆಯದೆಂದು ಜನ ನಂಬಿದ್ದಾರೆ.

ಸೀಳದೆ ಉಳಿದ ಆ ಮೂಸೆಯಿಂದ ತುಂಗವ್ವ ಮೊದಲು ಮಾಡಿದ್ದು ಬಳೆಯಲ್ಲ, ಒಂದು ಹಸಿರು ಗಾಜಿನ ಮಸಿಕುಡಿಕೆ. ಬಟ್ಟೆಯಲ್ಲಿ ಸುತ್ತಿ ತಾನೇ ಕಚೇರಿಗೆ ತಂದು ನನ್ನ ಮೇಜಿನ ಮೇಲಿಟ್ಟಳು. ನನ್ನ ಭಟ್ಟಿ ಉಳಿಸಿದವನು ನೀನು ಎಂದಳು. ನಾನು ತಲೆ ತಗ್ಗಿಸಿದ್ದನ್ನು ವಿನಯವೆಂದುಕೊಂಡಳು. ಈಗಲೂ ಆಕೆಯ ಮನೆಗೆ ಹೋದಾಗಲೆಲ್ಲ ಚಹಾ ಕೊಡುತ್ತಾಳೆ, ಅಂದು ಮಲಕಾಜಪ್ಪನ ಕಿವಿ ಊದಿದವನು ಯಾರಿರಬಹುದೆಂದು ಊಹಿಸುತ್ತ ಒಂದೊಂದು ಸಲ ಒಂದೊಂದು ಹೆಸರು ಹೇಳಿ, ತಾನೇ ಅಲ್ಲವೆಂದು ತಳ್ಳಿಹಾಕಿ ನಗುತ್ತಾಳೆ. ನಾನೂ ನಗುತ್ತೇನೆ. ಮಸಿಕುಡಿಕೆ ಹದಿನೊಂದು ವರ್ಷವಾದರೂ ಬೆಚ್ಚಗೇ ಇದೆ, ಅದರಲ್ಲಿ ಅದ್ದಿ ನಾನು ಒಂದು ಸಾಲನ್ನೂ ಬರೆದಿಲ್ಲ. ಯಜಮಾನರಿಗೆ ಬಳೆ ಓಣಿಯ ಹೆಸರು ಹೇಳಿದವನು ನಾನೇ ಎಂದು ತುಂಗವ್ವನಿಗೆ ನಾನು ಎಂದೂ ಹೇಳಲಿಲ್ಲ.